ನ್ಯೂರಾನಿಗೆ ಲೆಕ್ಕ ಬರೆದ ಹುಡುಗ: ವಾಲ್ಟರ್ ಪಿಟ್ಸ್

ಡಿಜಿಟಲ್ ಲ್ಯಾಬಿನಲ್ಲಿ ಆ್ಯಂಡ್, ಆರ್, ನಾಟ್ ಗೇಟುಗಳ ಟ್ರೂತ್ ಟೇಬಲ್ ಬರೆದು ರೆಕಾರ್ಡಿಗೆ ಸೈನ್ ಹಾಕಿಸಿಕೊಂಡವರು ನಾವೆಲ್ಲ. ಅದೇ ಟೇಬಲ್ಲನ್ನು ಮನುಷ್ಯನ ಮೆದುಳಿನೊಳಗೆ ಹುಡುಕಿಕೊಂಡು ಹೋದವನೊಬ್ಬನ ಕಥೆ ಈ ಸಲ. ಆ ಕೆಲಸ ಮಾಡಿದಾಗ ವಾಲ್ಟರ್ ಪಿಟ್ಸ್ ಹೆಚ್ಚೂಕಡಿಮೆ ನಮ್ಮ ವಯಸ್ಸಿನವನೇ. ಹಾಗಾಗಿ ಏಕವಚನದಲ್ಲೇ ಕರೆಯುತ್ತೇವೆ, ಬೇಜಾರು ಮಾಡ್ಕೋಬೇಡಿ.

ಹುಟ್ಟಿದ್ದು 1923ರಲ್ಲಿ, ಅಮೆರಿಕದ ಡೆಟ್ರಾಯ್ಟ್‌ನಲ್ಲಿ. ಮಗ ಓದು ಬಿಟ್ಟು ದುಡಿಯಲಿ ಅನ್ನುವ ಅಪ್ಪ. ಹನ್ನೆರಡನೇ ವಯಸ್ಸಿನಲ್ಲಿ ಬೀದಿ ಹುಡುಗರು ಅಟ್ಟಿಸಿಕೊಂಡು ಬಂದಾಗ ಲೈಬ್ರರಿಯೊಳಗೆ ಅವಿತುಕೊಂಡನಂತೆ. ಅಲ್ಲಿ ಕೈಗೆ ಸಿಕ್ಕಿದ್ದು ರಸೆಲ್ ಮತ್ತು ವೈಟ್‌ಹೆಡ್ ಬರೆದ ಪ್ರಿನ್ಸಿಪಿಯಾ ಮ್ಯಾಥಮೆಟಿಕಾ. ಸುಮಾರು 2000 ಪುಟಗಳನ್ನು ಮೂರೇ ದಿನದಲ್ಲಿ ಓದಿ, ಕಂಡ ತಪ್ಪುಗಳನ್ನು ರಸೆಲ್‌ಗೇ ಬರೆದು ಕಳಿಸಿದ ಅಂತಾರೆ. ಮೂರು ದಿನದ ಲೆಕ್ಕದ ಬಗ್ಗೆ ನಮಗೆ ಸ್ವಲ್ಪ ಅನುಮಾನ ಇದೆ, ಬಿಡಿ. ಹದಿನೈದಕ್ಕೆ ಮನೆ ಬಿಟ್ಟು ಶಿಕಾಗೋಗೆ ಓಡಿಬಂದ. ಅಡ್ಮಿಷನ್ ಇಲ್ಲ, ಫೀಸೂ ಇಲ್ಲ. ವಿಶ್ವವಿದ್ಯಾಲಯದ ತರಗತಿಗಳಲ್ಲಿ ಸುಮ್ಮನೆ ಹೋಗಿ ಕೂರುತ್ತಿದ್ದ.

ಅಲ್ಲಿ ಗೆಳೆಯನಾದವನು ಜೆರೋಮ್ ಲೆಟ್ವಿನ್. ಅವನ ಮೂಲಕ ಪರಿಚಯವಾದವರು ವಾರೆನ್ ಮೆಕಲಕ್, ನಲವತ್ತು ದಾಟಿದ ನರವಿಜ್ಞಾನಿ. ಹುಡುಗನಿಗೆ ಇರಲು ಜಾಗವಿಲ್ಲ ಅಂತ ತಿಳಿದು ತಮ್ಮ ಮನೆಗೇ ಕರೆತಂದರು. ಮಕ್ಕಳು ಮಲಗಿದ ಮೇಲೆ ಇಬ್ಬರೂ ಕೆಲಸಕ್ಕೆ ಕೂರುತ್ತಿದ್ದರು. 1943ರಲ್ಲಿ ಅವರ ಪೇಪರ್ ಬಂತು.

ಅದರ ತಿರುಳು ಸುಲಭ. ನ್ಯೂರಾನ್ ಒಂದೋ ಫೈರ್ ಆಗುತ್ತೆ, ಇಲ್ಲವೋ ಇಲ್ಲ. ಅರ್ಧಂಬರ್ಧ ಅನ್ನೋದು ಇಲ್ಲ. ಬರುವ ಸಿಗ್ನಲ್‌ಗಳ ಎಣಿಕೆ ಒಂದು ಥ್ರೆಶೋಲ್ಡ್ ಮುಟ್ಟಬೇಕು. ಎರಡು ಇನ್‌ಪುಟ್ ಇದ್ದು ಥ್ರೆಶೋಲ್ಡ್ 2 ಆದರೆ ಅದು ಆ್ಯಂಡ್; 1 ಆದರೆ ಆರ್. ತಡೆಯುವ ಇನ್‌ಪುಟ್ ಸೇರಿಸಿದರೆ ನಾಟ್. ನ್ಯೂರಾನ್‌ಗಳನ್ನು ಸುತ್ತುಕಟ್ಟಿ ಜೋಡಿಸಿದರೆ ಸಿಗ್ನಲ್ ಅಲ್ಲೇ ಸುತ್ತುತ್ತಿರುತ್ತೆ, ಅಂದರೆ ನೆನಪು. ಈ ಸುತ್ತುಗಳ ಗಣಿತವನ್ನು ಬಿಡಿಸಿದ್ದು ಪಿಟ್ಸ್. 1945ರಲ್ಲಿ ಎಡ್‌ವ್ಯಾಕ್ ಕಂಪ್ಯೂಟರಿನ ವಿನ್ಯಾಸ ಬರೆಯುವಾಗ ಫಾನ್ ನಾಯ್ಮನ್ ಇದೇ ಪೇಪರ್ ಹೆಸರಿಸಿ, ಯಂತ್ರದ ಬಿಡಿಭಾಗಗಳನ್ನು ನ್ಯೂರಾನ್‌ಗಳಂತೆ ವಿವರಿಸಿದರು. ಮೆದುಳಿಗೆಂದು ಬರೆದ ಲೆಕ್ಕ ಮೊದಲು ಕೆಲಸಕ್ಕೆ ಬಂದಿದ್ದು ಯಂತ್ರಕ್ಕೆ!

ಅಷ್ಟರಲ್ಲಿ ಪಿಟ್ಸ್ ಎಂಐಟಿಯಲ್ಲಿ ನಾರ್ಬರ್ಟ್ ವೀನರ್ ಜೊತೆಗಿದ್ದ. ಹೈಸ್ಕೂಲೂ ಮುಗಿಸದವನು ಅವರ ಅಚ್ಚುಮೆಚ್ಚಿನ ಶಿಷ್ಯ.

1947ರ ಪೇಪರನ್ನು ಯಾರೂ ಅಷ್ಟಾಗಿ ನೆನೆಯಲ್ಲ. ನಮಗೆ ಮಾತ್ರ ಅದೇ ಹೆಚ್ಚು ಇಷ್ಟ. ಒಂದೇ ಹಾಡನ್ನು ಶ್ರುತಿ ಏರಿಸಿ ಹಾಡಿದರೂ ಗುರುತು ಹಿಡೀತೀವಲ್ಲ, ಹೇಗೆ? ಕಿವಿಯ ಸುದ್ದಿ ತಲುಪುವ ಕಾರ್ಟೆಕ್ಸ್‌ನಲ್ಲಿ, ಅಂದರೆ ಮೆದುಳಿನ ಹೊರಪದರದಲ್ಲಿ, ಸ್ವರಗಳು ಆವರ್ತನದ ಕ್ರಮದಲ್ಲಿ ಸಾಲಾಗಿ ಹರಡಿರುತ್ತವೆ. ಶ್ರುತಿ ಏರಿದರೆ ಇಡೀ ಚಿತ್ರ ಪಕ್ಕಕ್ಕೆ ಸರಿಯುತ್ತೆ, ಅಷ್ಟೇ. ಕಾರ್ಟೆಕ್ಸ್‌ನ ಪದರಗಳಲ್ಲಿ ಸೆಕೆಂಡಿಗೆ ಸುಮಾರು ಹತ್ತು ಸಲ ಒಂದು ಅಲೆ ಓಡಾಡಿ, ಆ ಚಿತ್ರವನ್ನು ಎಲ್ಲಾ ಜಾಗಕ್ಕೂ ಸರಿಸಿ ಸರಾಸರಿ ತೆಗೆಯುತ್ತೆ ಅಂತ ಇಬ್ಬರೂ ಊಹಿಸಿದರು. ಎಲ್ಲಾ ಜಾಗದ ಸರಾಸರಿ ತೆಗೆದ ಮೇಲೆ ಮೊದಲು ಎಲ್ಲಿತ್ತು ಅನ್ನೋದು ಅಳಿಸಿಹೋಗಿ ಆಕಾರ ಮಾತ್ರ ಉಳಿಯಬೇಕು. ಇಇಜಿಯಲ್ಲಿ ಕಾಣುವ ಆಲ್ಫಾ ಲಯವೇ ಆ ಅಲೆ ಅಂದುಕೊಂಡರು. ಅಲೆಯ ಊಹೆ ಪ್ರಯೋಗಗಳಲ್ಲಿ ನಿಲ್ಲಲಿಲ್ಲ. ಪ್ರಶ್ನೆ ಮಾತ್ರ ಇವತ್ತಿನ ಇಮೇಜ್ ರೆಕಗ್ನಿಷನ್‌ವರೆಗೂ ಬಂದಿದೆ.

ಆಮೇಲೆ ಪಿಟ್ಸ್ ಥೀಸಿಸ್‌ಗೆ ಕೈಹಾಕಿದ. ಮೂರು ಆಯಾಮಗಳಲ್ಲಿ ಅಡ್ಡಾದಿಡ್ಡಿ ಹೆಣೆದುಕೊಂಡ ನ್ಯೂರಾನ್ ಜಾಲಕ್ಕೆ ಸಂಭವನೀಯತೆಯ ಗಣಿತ. ಅಚ್ಚುಕಟ್ಟಾದ ಗೇಟುಗಳನ್ನು ಬಿಟ್ಟು ಮೆದುಳಿನ ನಿಜವಾದ ಗೋಜಲಿಗೇ ಇಳಿದಿದ್ದ.

1952ರಲ್ಲಿ ವೀನರ್ ಇದ್ದಕ್ಕಿದ್ದಂತೆ ಮೆಕಲಕ್ ಗುಂಪಿನೊಡನೆ ಸಂಬಂಧ ಕಡಿದುಕೊಂಡರು. ಪಿಟ್ಸ್ ಜೊತೆಗೂ ಮಾತಿಲ್ಲ, ಯಾಕೆ ಅಂತ ಹೇಳಲೂ ಇಲ್ಲ. ಅಪ್ಪನಂತಿದ್ದವರು ಹಾಗೆ ಮುಖ ತಿರುಗಿಸಿದ ಮೇಲೆ ಅವನು ಮೊದಲಿನಂತಾಗಲಿಲ್ಲ. ಕುಡಿತ ಹೆಚ್ಚಾಯಿತು. ವರ್ಷಗಟ್ಟಲೆ ಬರೆದ ಥೀಸಿಸ್ ಹಾಳೆಗಳನ್ನು ಸುಟ್ಟುಹಾಕಿದ. ಎಂಐಟಿ ಪದವಿ ಕೊಡ್ತೀವಿ, ಸಹಿ ಹಾಕು ಅಂದರೂ ಹಾಕಲಿಲ್ಲ.

1959ರಲ್ಲಿ ಲೆಟ್ವಿನ್, ಮಾಟುರಾನಾ, ಮೆಕಲಕ್ ಜೊತೆ ಅವನ ಹೆಸರಿನಲ್ಲೂ ಕಪ್ಪೆಯ ಕಣ್ಣಿನ ಮೇಲೆ ಪೇಪರ್ ಬಂತು. ಓಡಾಡುವ ಚಿಕ್ಕ ಕಪ್ಪು ಚುಕ್ಕೆಯನ್ನು ಕಣ್ಣೇ ಆರಿಸಿ ಮೆದುಳಿಗೆ ಕಳಿಸುತ್ತೆ. ಲೆಕ್ಕವೆಲ್ಲ ಮೆದುಳಿನಲ್ಲೇ ನಡೆಯಬೇಕಿಲ್ಲ ಅಂತ ಆಯ್ತು. ಇದೇ ಅವನನ್ನು ಮುರಿಯಿತು ಅನ್ನುವವರಿದ್ದಾರೆ. ನಮಗೆ ಹಾಗನ್ನಿಸಲ್ಲ. ತಪ್ಪಾದ ಮಾಡೆಲ್ಲನ್ನು ತಿದ್ದಿಕೊಳ್ಳಬಹುದಿತ್ತು, ಕಳೆದುಹೋದ ಗುರುವನ್ನು ಎಲ್ಲಿಂದ ತರೋದು?

1969ರ ವಸಂತದಲ್ಲಿ ಪಿಟ್ಸ್, ಮೆಕಲಕ್ ಇಬ್ಬರೂ ಆಸ್ಪತ್ರೆ ಸೇರಿದ್ದರು. ನಡುಗುವ ಕೈಯಲ್ಲೇ ಪಿಟ್ಸ್ ಅವರಿಗೊಂದು ಪತ್ರ ಬರೆದ. ಮೇ 14ರಂದು, 46ರ ವಯಸ್ಸಿನಲ್ಲಿ, ಕೇಂಬ್ರಿಡ್ಜ್‌ನ ಬಾಡಿಗೆ ಕೋಣೆಯೊಂದರಲ್ಲಿ ಒಂಟಿಯಾಗಿ ತೀರಿಕೊಂಡ. ಮೆಕಲಕ್ ಆ ಸೆಪ್ಟೆಂಬರಿನಲ್ಲಿ ಹೋದರು.