ಪ್ಲಾಸ್ಟಿಕ್‌ನಲ್ಲಿ ಕರೆಂಟ್ ಹರಿಸಿದ ಬಡ ಹುಡುಗ

ತಿಕೋಟಾದಿಂದ ವಿಜಯಪುರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತೇನೆ. ದ್ರಾಕ್ಷಿ ಸುಗ್ಗಿ ಬಂದರೆ ಬಬಲೇಶ್ವರದ ಕಡೆ ಒಣದ್ರಾಕ್ಷಿ ಶೆಡ್‌ನಲ್ಲಿ ದುಡಿದು ಫೀ ಹೊಂದಿಸುತ್ತೇನೆ. ಬಿಇ ಓದು ಇಲ್ಲಿಗೇ ಸಾಕು ಎನಿಸಿದಾಗಲೆಲ್ಲ ನೆನಪಾಗುವವರು ಅಲನ್ ಮ್ಯಾಕ್‌ಡಿಯರ್ಮಿಡ್.

1927ರಲ್ಲಿ ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ಅವರದು ಬಡ ಕುಟುಂಬ. ಬೆಳಿಗ್ಗೆ ಹಾಲು, ಸಂಜೆ ಪತ್ರಿಕೆ ಹಂಚಿ ಶಾಲೆ ಕಲಿತರು. 16ನೇ ವಯಸ್ಸಿಗೆ ಶಾಲೆ ಬಿಟ್ಟು ವೆಲ್ಲಿಂಗ್ಟನ್‌ನ ಕಾಲೇಜೊಂದರ ಲ್ಯಾಬ್‌ನಲ್ಲಿ ಗಾಜಿನ ಪಾತ್ರೆ ತೊಳೆದರು, ನೆಲ ಗುಡಿಸಿದರು. ಅದೇ ಕಾಲೇಜಿನಲ್ಲಿ ಪದವಿಯನ್ನೂ ಪಡೆದರು. ಮುಂದೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

1975ರಲ್ಲಿ ಜಪಾನ್‌ಗೆ ಹೋದಾಗ ಹಿಡೆಕಿ ಶಿರಕಾವ ಅವರು ಬೆಳ್ಳಿಯಂತೆ ಹೊಳೆಯುವ ಪಾಲಿಅಸೆಟಿಲೀನ್ ಹಾಳೆ ತೋರಿಸಿದರು. ಇಂಥ ಹಾಳೆ ಮೊದಲು ಮೂಡಿದ್ದು ವೇಗವರ್ಧಕವನ್ನು ಸಾವಿರ ಪಟ್ಟು ಹೆಚ್ಚು ಹಾಕಿದ ತಪ್ಪಿನಿಂದ! ಶಿರಕಾವರನ್ನು ಅಮೆರಿಕಕ್ಕೆ ಕರೆಸಿಕೊಂಡ ಮ್ಯಾಕ್‌ಡಿಯರ್ಮಿಡ್, ಅಲನ್ ಹೀಗರ್ ಜತೆಗೂಡಿ ಹಾಳೆಗೆ ಅಯೋಡಿನ್ ಸೇರಿಸಿದರು. ಅಯೋಡಿನ್ ಕೆಲವು ಎಲೆಕ್ಟ್ರಾನ್‌ಗಳನ್ನು ಸೆಳೆದುಕೊಂಡಿತು. ತೆರವಾದ ಜಾಗದಿಂದ ಉಳಿದವಕ್ಕೆ ಸರಿದಾಡಲು ದಾರಿಯಾಯಿತು. ವಾಹಕತೆ ಕೋಟಿಗೂ ಹೆಚ್ಚು ಪಟ್ಟು ಏರಿತು. 1977ರಲ್ಲಿ ಇದು ಪ್ರಕಟವಾಯಿತು. 2000ದಲ್ಲಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು.

2007ರಲ್ಲಿ ಅವರು ತೀರಿಕೊಂಡಾಗ ನಾನಿನ್ನೂ ತೊಟ್ಟಿಲ ಕೂಸು. ಈಗ ನಮ್ಮ ಲ್ಯಾಬ್ ಗುಡಿಸುವ ಅಣ್ಣನನ್ನು ಕಂಡಾಗ ಅವರೇ ನೆನಪಾಗುತ್ತಾರೆ. ಮುಂದಿನ ಸುಗ್ಗಿಗೂ ಶೆಡ್‌ಗೆ ಹೋಗುತ್ತೇನೆ, ಓದನ್ನಂತೂ ಬಿಡುವುದಿಲ್ಲ.