ಗ್ರಂಥಪಾಲ ರಂಗನಾಥನ್

ಶಿಯಾಳಿ ರಾಮಾಮೃತ ರಂಗನಾಥನ್ ಅವರು 1892ರಲ್ಲಿ ತಮಿಳುನಾಡಿನಲ್ಲಿ ಜನಿಸಿದರು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಮೊದಮೊದಲು ಆ ಏಕಾಂತ ಬೇಸರ ತಂದಿತು. ಇಂಗ್ಲೆಂಡಿನ ಗ್ರಂಥಾಲಯಗಳನ್ನು ಕಂಡ ಮೇಲೆ ಮನಸ್ಸು ತಿರುಗಿತು. 1931ರಲ್ಲಿ ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳನ್ನು ಪ್ರಕಟಿಸಿದರು.

ಅವರ ವರ್ಗೀಕರಣದ ಸೂಕ್ಷ್ಮಗಳು ವಿದ್ವಾಂಸರಿಗಿರಲಿ. ನನ್ನನ್ನು ಸೆಳೆದದ್ದು ಇನ್ನೊಂದು: ಹೊಸ ವಿದ್ಯಾರ್ಥಿಗೆ ಗ್ರಂಥಾಲಯದ ದೀಕ್ಷೆಯಾಗಬೇಕೆಂಬ ಅವರ ಹಟ. ಗ್ರಂಥಸೂಚಿಯನ್ನು ನೋಡುವ ಬಗೆ, ಕಪಾಟಿನಲ್ಲಿ ಪುಸ್ತಕದ ನೆಲೆ, ವಿಶ್ವಕೋಶದ ಬಳಕೆ, ಇವನ್ನು ಗ್ರಂಥಪಾಲನೇ ಜೊತೆಗೆ ನಿಂತು ಕಲಿಸಬೇಕು. ಗುಡೂರಿನ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ; ಇದನ್ನೆಲ್ಲ ನನಗೆ ಹೇಳಿಕೊಡಲು ಅಲ್ಲಿ ಯಾರಿದ್ದರು? ನನ್ನಂಥವರು ರಂಗನಾಥನ್ನರ ಗಮನದಲ್ಲಿದ್ದರೆಂದೇ ನನ್ನ ಭಾವನೆ.

1962ರಲ್ಲಿ ಅವರು ಬೆಂಗಳೂರಿನಲ್ಲಿ ಗ್ರಂಥಪಾಲರ ತರಬೇತಿ ಕೇಂದ್ರವೊಂದನ್ನು ಕಟ್ಟಿದರು. 1972ರಲ್ಲಿ ಆ ಊರಿನಲ್ಲಿಯೇ ತೀರಿಕೊಂಡರು.