ಮೂಸಿಯ ಕೆರೆ ಎಣಿಸಿದ ಎಂಜಿನಿಯರ್ ಮತ್ತು ಮುಳುಗಿದ ಮಹದೇವಪುರ

2022ರ ಸೆಪ್ಟೆಂಬರ್ 5ರ ಬೆಳಗ್ಗೆ ಮಹದೇವಪುರದ ರಸ್ತೆಗಳಲ್ಲಿ ಕ್ಯಾಬ್‌ ಇರಲಿಲ್ಲ, ಟ್ರ್ಯಾಕ್ಟರ್ ಇತ್ತು. ಹಿಂದಿನ ರಾತ್ರಿ ಬೆಂಗಳೂರಿನಲ್ಲಿ 130 ಮಿ.ಮೀ. ಮೀರಿ ಮಳೆ ಸುರಿದಿತ್ತು. ಲ್ಯಾಪ್‌ಟಾಪ್ ಬ್ಯಾಗ್ ಎದೆಗೆ ಅವಚಿಕೊಂಡ ಟೆಕ್ಕಿಗಳು ಟ್ರೇಲರ್‌ನಲ್ಲಿ ನಿಂತು ಆಫೀಸಿಗೆ ಹೋಗ್ತಿದ್ದ ಚಿತ್ರವನ್ನು ಇಡೀ ದೇಶ ನೋಡಿತು. ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲಿ ಹೊರಗೆ ತಂದರು. ಅದೇ ನೀರು ವಲಸೆ ಕಾರ್ಮಿಕರ ತಗಡಿನ ಶೆಡ್ಡುಗಳಿಗೂ ನುಗ್ಗಿತ್ತು. ಅಲ್ಲಿಗೆ ಕ್ಯಾಮೆರಾ ಹೋಗಿದ್ದು ಕಡಿಮೆ.

ಸರಿಯಾಗಿ ಹತ್ತು ದಿನಕ್ಕೆ, ಸೆಪ್ಟೆಂಬರ್ 15ರಂದು, ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೈಸೂರು ಪೇಟ ತೊಟ್ಟ ಒಬ್ಬರ ಫೋಟೊಗೆ ಹೂವಿನ ಹಾರ ಬಿತ್ತು. ಸರ್ ಎಂ. ವಿಶ್ವೇಶ್ವರಯ್ಯ. ನಾನು ಓದುವಾಗಲೂ ಪ್ರತಿ ವರ್ಷ ಆ ಹಾರ ನೋಡಿದವನೇ. ಸರ್ಕಾರಿ ಕೆಲಸಕ್ಕೆ ಒಂದು ಮೇಣದಬತ್ತಿ, ಸ್ವಂತ ಕೆಲಸಕ್ಕೆ ಇನ್ನೊಂದು ಅನ್ನೋ ಕತೆ ಕೇಳಿದವನೇ. ಅವರು ನೀರಿನ ಲೆಕ್ಕ ಹೇಗೆ ಹಾಕ್ತಿದ್ದರು ಅಂತ ಮಾತ್ರ ನಾಲ್ಕು ವರ್ಷದಲ್ಲಿ ಯಾರೂ ಹೇಳಲಿಲ್ಲ. ಮುಳುಗಿದ ಮಹದೇವಪುರಕ್ಕೆ ಬೇಕಾಗಿದ್ದು ಆ ಲೆಕ್ಕ. ಅದರ ಜೊತೆಗೆ, ಅವರು ಲೆಕ್ಕದಿಂದ ಹೊರಗಿಟ್ಟಿದ್ದು ಯಾವುದು ಅನ್ನೋದೂ ನಮಗೆ ಗೊತ್ತಿರಬೇಕು.

ಸರ್ಕಾರಿ ದುಡ್ಡಿನಲ್ಲಿ ಅರಳಿದ ಪ್ರತಿಭೆ

1860ರ ದಶಕದ ಆರಂಭದಲ್ಲಿ ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಹುಡುಗ. ಸಂಸ್ಕೃತ ಬಲ್ಲ ಬ್ರಾಹ್ಮಣ ಕುಟುಂಬ, ಆದರೆ ಸಿರಿವಂತಿಕೆ ಇಲ್ಲ. ಹದಿಹರೆಯದಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿಗೆ ಬಂದು, ಮಕ್ಕಳಿಗೆ ಮನೆಪಾಠ ಹೇಳಿಕೊಂಡೇ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಎಂಜಿನಿಯರಿಂಗ್ ಓದಲು ಪುಣೆಗೆ ಹೋಗಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ. ಈ ವಿದ್ಯಾರ್ಥಿವೇತನವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಸಿಂಧೂ ನದಿ ದಂಡೆಯ ಸಕ್ಕರ್‌ಗೆ ಕುಡಿಯುವ ನೀರು ಕೊಟ್ಟರು. ನಾಲೆಯ ನೀರು ಎಲ್ಲರಿಗೂ ಸರದಿಯಲ್ಲಿ ಸಿಗುವಂತೆ ದಖ್ಖನ್ ಪ್ರದೇಶದಲ್ಲಿ ಬ್ಲಾಕ್ ಪದ್ಧತಿ ತಂದರು. ಪುಣೆ ಬಳಿಯ ಖಡಕವಾಸ್ಲಾ ಅಣೆಕಟ್ಟಿಗೆ, ನೀರು ಒಂದು ಮಟ್ಟ ದಾಟಿದರೆ ತಾನಾಗಿ ತೆರೆಯುವ, ಇಳಿದರೆ ತಾನಾಗಿ ಮುಚ್ಚಿಕೊಳ್ಳುವ ಗೇಟುಗಳನ್ನು ರೂಪಿಸಿದರು. ಆದರೆ ಬ್ರಿಟಿಷರ ಇಲಾಖೆಯಲ್ಲಿ ಭಾರತೀಯನೊಬ್ಬ ಮೇಲೇರಲು ಒಂದು ಮಿತಿ ಇತ್ತು. 1908ರಲ್ಲಿ ಕೆಲಸ ಬಿಟ್ಟು ವಿದೇಶ ಪ್ರವಾಸಕ್ಕೆ ಹೊರಟರು.

ಹೈದರಾಬಾದಿನಲ್ಲಿ ಹಾಕಿದ ಲೆಕ್ಕ

ಅದೇ ವರ್ಷ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿತು. ನಗರದ ಹತ್ತಿರದ ಶಂಷಾಬಾದ್‌ನಲ್ಲಿ 24 ಗಂಟೆಯಲ್ಲಿ 12 ಇಂಚಿಗೂ ಹೆಚ್ಚು ಮಳೆ. ಸಾವಿರಾರು ಜನ ಸತ್ತರು, ಅಫ್ಜಲ್‌ಗಂಜ್ ಕಡೆಯ ಬಡಾವಣೆಗಳು ಕೊಚ್ಚಿಹೋದವು. ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು.

ಅವರು ಸೇತುವೆ ಎತ್ತರಿಸಿ, ತಡೆಗೋಡೆ ಕಟ್ಟಿ ಅಂತ ಹೇಳಿ ಹೊರಟುಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಮಳೆಯ ದಾಖಲೆಗಳನ್ನು ತರಿಸಿಕೊಂಡರು. ಮುಳುಗಿದ ನಗರ ಒಂದನ್ನೇ ನೋಡದೆ, ಅದರ ಮೇಲ್ಭಾಗದ ಜಲಾನಯನ ಪ್ರದೇಶ ಪೂರ್ತಿ ಪರಿಶೀಲಿಸಿದರು. ಅಲ್ಲಿದ್ದ ಕೆರೆಗಳನ್ನು ಎಣಿಸಿದರು: ಸುಮಾರು 860 ಚದರ ಮೈಲಿಯಲ್ಲಿ 788 ಕೆರೆ. ಹೆಚ್ಚುಕಮ್ಮಿ ಚದರ ಮೈಲಿಗೊಂದು. ಅವುಗಳಲ್ಲಿ 200ಕ್ಕೂ ಹೆಚ್ಚು ಕೆರೆಗಳ ಏರಿ ಒಡೆದಿತ್ತು. ಮೇಲಿನ ಕೆರೆ ಒಡೆದರೆ ಕೆಳಗಿನದು ತಡೆಯಲ್ಲ, ಸರಪಳಿಯ ಹಾಗೆ ಒಂದರ ಹಿಂದೆ ಒಂದು. ನಗರವನ್ನು ಮುಳುಗಿಸಿದ್ದರಲ್ಲಿ ಮಳೆಯ ಜೊತೆ ಈ ಕೆರೆಗಳ ಪಾಲೂ ಇತ್ತು.

ಪರಿಹಾರವಾಗಿ ನಗರದ ಮೇಲ್ಭಾಗದಲ್ಲಿ ಎರಡು ಜಲಾಶಯ ಸೂಚಿಸಿದರು. ಅವೇ 1920ರ ದಶಕದಲ್ಲಿ ಸಿದ್ಧವಾದ ಉಸ್ಮಾನ್ ಸಾಗರ್ ಮತ್ತು ಹಿಮಾಯತ್ ಸಾಗರ್. ಪ್ರವಾಹ ತಡೆಯೋದು, ಕುಡಿಯಲು ನೀರು ಕೊಡೋದು, ಎರಡೂ ಕೆಲಸ ಒಟ್ಟಿಗೆ. ಜೊತೆಗೆ ನಗರಕ್ಕೆ ಒಳಚರಂಡಿ ಯೋಜನೆ ಕೊಟ್ಟರು.

ಈಗ ಮಹದೇವಪುರಕ್ಕೆ ಬನ್ನಿ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಕೆರೆಯಿಂದ ಕೆರೆಗೆ ಇಳಿದು ಬೆಳ್ಳಂದೂರು, ಅಲ್ಲಿಂದ ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ ಸೇರಬೇಕು. ಇದನ್ನು ಕಂಡುಹಿಡಿಯಲು ದೊಡ್ಡ ಎಂಜಿನಿಯರ್ ಬೇಕಿಲ್ಲ, ಊರಿನ ನೀರಗಂಟಿಗೆ ಗೊತ್ತಿದ್ದ ವಿಷಯ. ಆ ದಾರಿಯ ಮೇಲೇ ಟೆಕ್ ಪಾರ್ಕ್, ವಿಲ್ಲಾ, ವರ್ತುಲ ರಸ್ತೆ ಬಂದವು. ಪ್ರವಾಹದ ನಂತರ ಪಾಲಿಕೆ ಪಟ್ಟಿ ಮಾಡಿದ ರಾಜಕಾಲುವೆ ಒತ್ತುವರಿಗಳಲ್ಲಿ ಅತಿ ಹೆಚ್ಚು ಇದ್ದದ್ದು ಮಹದೇವಪುರ ವಲಯದಲ್ಲೇ. ಅದಕ್ಕೂ ಮೊದಲು, ಆಗಸ್ಟ್ 30ರ ಒಂದೇ ದಿನದ ಮಳೆಗೆ 225 ಕೋಟಿ ರೂಪಾಯಿ ನಷ್ಟವಾಯಿತು ಅಂತ ವರ್ತುಲ ರಸ್ತೆಯ ಕಂಪನಿಗಳ ಒಕ್ಕೂಟ ಮುಖ್ಯಮಂತ್ರಿಗೆ ಪತ್ರ ಬರೆದಿತ್ತು. ಕಂಪನಿಗಳ ನಷ್ಟಕ್ಕೆ ಲೆಕ್ಕ ಸಿಕ್ಕಿತು. ಕೂಲಿ ತಪ್ಪಿದ ಮನೆಗೆಲಸದವರ, ಡೆಲಿವರಿ ಹುಡುಗರ ನಷ್ಟಕ್ಕೆ ಯಾರ ಲೆಟರ್‌ಹೆಡ್ಡೂ ಇರಲಿಲ್ಲ.

ಹೈದರಾಬಾದ್ ಕೂಡ ಪಾಠ ಉಳಿಸಿಕೊಂಡಿಲ್ಲ. ಆ ಎರಡು ಜಲಾಶಯಗಳ ಸುತ್ತ 10 ಕಿ.ಮೀ. ಕಟ್ಟಡ ನಿರ್ಮಾಣಕ್ಕೆ 1996ರಿಂದ ಇದ್ದ ನಿರ್ಬಂಧವನ್ನು ತೆಲಂಗಾಣ ಸರ್ಕಾರ 2022ರ ಏಪ್ರಿಲ್‌ನಲ್ಲಿ ತೆಗೆದುಹಾಕಲು ಆದೇಶಿಸಿತು. ಮಹದೇವಪುರ ಮುಳುಗಿದ ಅದೇ ವರ್ಷ.

ಕನ್ನಂಬಾಡಿ ಕಟ್ಟಿಸಿದ್ದು ಯಾರು, ಯಾರಿಗಾಗಿ?

1909ರ ನವೆಂಬರ್‌ನಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು. ಕೃಷ್ಣರಾಜ ಸಾಗರದ ಕೆಲಸ 1911ರಲ್ಲಿ ಶುರುವಾಯಿತು. ರೈತರ ಮೇಲಿನ ಪ್ರೀತಿಯೊಂದರಿಂದಲೇ ಕನ್ನಂಬಾಡಿ ಎದ್ದಿತು ಅಂತ ನಾವು ನಂಬಿಕೊಂಡಿದ್ದೇವೆ. ಬಂಡವಾಳದ ಕೈಯೂ ಅದರಲ್ಲಿತ್ತು. 1902ರಿಂದ ಶಿವನಸಮುದ್ರದ ವಿದ್ಯುತ್ ಹೋಗ್ತಿದ್ದದ್ದು ಬ್ರಿಟಿಷ್ ಕಂಪನಿಗಳ ಕೋಲಾರ ಚಿನ್ನದ ಗಣಿಗಳಿಗೆ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಗೆ ಕರೆಂಟ್ ಸಾಲ್ತಿರಲಿಲ್ಲ. ವರ್ಷವಿಡೀ ನೀರು ಹರಿಯಲು ಮೇಲೊಂದು ಜಲಾಶಯ ಬೇಕಿತ್ತು. ಗಣಿ ಕಂಪನಿಗಳಿಗೆ ವಿದ್ಯುತ್ ಮಾರಿದರೆ ಬರುವ ಆದಾಯವೇ ಯೋಜನೆಯನ್ನು ಖಜಾನೆಗೆ ಒಪ್ಪಿಸುವ ಬಲವಾದ ವಾದವಾಯಿತು. ಮಂಡ್ಯದ ಬಯಲಿಗೆ ನೀರು ಹರಿದದ್ದು ಆಮೇಲೆ, ಇರ್ವಿನ್ ನಾಲೆಯಲ್ಲಿ. ಈಗ ಆ ನಾಲೆಗೆ ಅವರದೇ ಹೆಸರು.

ಅಣೆಕಟ್ಟು ಮುಗಿಯುವ ಹೊತ್ತಿಗೆ 1930ರ ದಶಕ ಬಂದಿತ್ತು, ವಿಶ್ವೇಶ್ವರಯ್ಯ ಅಧಿಕಾರ ಬಿಟ್ಟು ಹತ್ತು ವರ್ಷ ದಾಟಿತ್ತು. ಹಣ ಒದಗಿಸಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ. ಕೆಲಸ ಮುಂದುವರಿಸಿದ್ದು ಅವರ ನಂತರದ ಎಂಜಿನಿಯರ್‌ಗಳು. ಸುರ್ಕಿ ಗಾರೆ ಹೊತ್ತವರು ಸಾವಿರಾರು ಕೂಲಿಗಳು. ಕನ್ನಂಬಾಡಿ ಊರೇ ನೀರಿನಡಿ ಹೋಯಿತು, ಜೊತೆಗೆ ಸುತ್ತಲಿನ ಹಳ್ಳಿಗಳು. ಸೋಷಿಯಲ್ ಮೀಡಿಯಾದಲ್ಲಿ ಅಣೆಕಟ್ಟಿನ ಕೀರ್ತಿಗಾಗಿ ಜಗಳ ಆಡುವವರು ಈ ಕೊನೆಯ ಎರಡು ಗುಂಪನ್ನು ನೆನೆಯುವುದು ಅಪರೂಪ.

ಪ್ರತಿಭೆಯ ಪ್ರಶ್ನೆ

ದಿವಾನಗಿರಿಯ ಆರು ವರ್ಷದಲ್ಲಿ ಅವರು ಕಟ್ಟಿದ್ದು ಸಣ್ಣದಲ್ಲ. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಗಂಧದೆಣ್ಣೆ ಮತ್ತು ಸಾಬೂನಿನ ಕಾರ್ಖಾನೆ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು. ಕೈಗಾರಿಕೆ ಇಲ್ಲದ ದೇಶಕ್ಕೆ ಉಳಿಗಾಲವಿಲ್ಲ ಅನ್ನೋದು ಅವರ ಗಟ್ಟಿ ನಂಬಿಕೆ. ಖಾಸಗಿಯವರು ಬರುವ ತನಕ ಕಾಯದೆ ಸರ್ಕಾರವೇ ಬಂಡವಾಳ ಹಾಕಬೇಕು ಅನ್ನೋದು ಅದರ ಮುಂದುವರಿಕೆ.

ಆದರೆ ಆ ಹೊಸ ಹುದ್ದೆ, ಹೊಸ ಕಾಲೇಜು ಯಾರ ಪಾಲಾಗಬೇಕು? ಜನಸಂಖ್ಯೆಯಲ್ಲಿ ಶೇ. 4ರಷ್ಟೂ ಇಲ್ಲದ ಬ್ರಾಹ್ಮಣರ ಕೈಯಲ್ಲೇ ಆಗ ಮೈಸೂರಿನ ಹಿರಿಯ ಹುದ್ದೆಗಳ ಬಹುಪಾಲು ಇತ್ತು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಮಹಾರಾಜರ ಬಳಿ ಪಾಲು ಕೇಳಿತು. 1918ರಲ್ಲಿ ನಾಲ್ವಡಿಯವರು ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆ ಇರಲಿಲ್ಲ. ಶಿಕ್ಷಣ ಹರಡಲಿ, ಹುದ್ದೆಗೆ ಮಾತ್ರ ಅರ್ಹತೆಯೇ ಅಳತೆಯಾಗಲಿ ಅನ್ನೋದು ಅವರ ನಿಲುವು. ಅದೇ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. 1921ರಲ್ಲಿ ಮೀಸಲಾತಿ ಆದೇಶ ಹೊರಟಿತು.

ಪುಣೆಯ ವಿದ್ಯಾರ್ಥಿವೇತನ ನೆನಪಿದೆಯಾ? ಮನೆಪಾಠ ಹೇಳಿ ಓದಿದ ಹುಡುಗನ ಶ್ರಮ ನಿಜ. ಆದರೆ ಅಕ್ಷರದ ಪರಂಪರೆ ಇದ್ದ ಮನೆ, ಮೇಲೆ ಸರ್ಕಾರದ ನೆರವು, ಎರಡೂ ಸೇರಿದಾಗಲೇ ಆ ಶ್ರಮ ಅರ್ಹತೆಯಾಗಿದ್ದು. ಕಾಲುವೆ ನೀರು ತುದಿಯ ರೈತನಿಗೂ ಸರದಿಯಲ್ಲಿ ಸಿಗಲಿ ಅಂತ ಬ್ಲಾಕ್ ಪದ್ಧತಿ ಮಾಡಿದ ಮನುಷ್ಯನಿಗೆ ಅಧಿಕಾರದಲ್ಲೂ ಮೇಲ್ದಂಡೆ, ಕೆಳದಂಡೆ ಇರುತ್ತೆ ಅನ್ನೋದು ಕಾಣಲಿಲ್ಲ. ಇವತ್ತು ಮಹದೇವಪುರ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ. ಅಲ್ಲಿನ ಟೆಕ್ ಪಾರ್ಕಿನೊಳಗೆ ಮೀಸಲಾತಿ ಇಲ್ಲ. ಗಾಜಿನ ಗೋಡೆಯ ಆಚೆ ಪ್ರತಿಭೆಯ ಮಾತು ಇನ್ನೂ 1918ರಲ್ಲೇ ನಿಂತಿದೆ.

ಇದ್ದಿಲಿನ ಕಬ್ಬಿಣ

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ನಷ್ಟಕ್ಕೆ ಬಿದ್ದ ಅದನ್ನು ವಿಶ್ವೇಶ್ವರಯ್ಯ ಅಧ್ಯಕ್ಷರಾಗಿ 1929ರ ತನಕ ನಡೆಸಿದರು. ರಾಜ್ಯದಲ್ಲಿ ಕಲ್ಲಿದ್ದಲು ಇರಲಿಲ್ಲ. ಹಾಗಾಗಿ ಕುಲುಮೆ ಉರಿದದ್ದು ಮಲೆನಾಡಿನ ಕಾಡು ಸುಟ್ಟ ಇದ್ದಿಲಿನಲ್ಲಿ. ಎಂಜಿನಿಯರಿಂಗ್ ದೃಷ್ಟಿಯಲ್ಲಿ ಜಾಣ ಪರಿಹಾರ, ಮರ ಬಟ್ಟಿ ಇಳಿಸಿದಾಗ ಸಿಗುವ ಡಾಂಬರು, ರಾಸಾಯನಿಕವನ್ನೂ ಬಿಡದೆ ಮಾರ್ತಿದ್ದರು. ಆದರೆ ಕಾರ್ಖಾನೆಯ ಲೆಕ್ಕದ ಪುಸ್ತಕದಲ್ಲಿ ಕಾಡು ಕೇವಲ ಸೌದೆ. ಗಾಂಧಿಯವರಿಗೂ ಇವರಿಗೂ ದೊಡ್ಡ ಯಂತ್ರಗಳ ಬಗ್ಗೆ ಭಿನ್ನಾಭಿಪ್ರಾಯ ಇದ್ದೇ ಇತ್ತು. ಆದರೂ ಒಡಿಶಾದ ಪ್ರವಾಹಕ್ಕೆ ದಾರಿ ಹುಡುಕಲು 1937ರಲ್ಲಿ ಗಾಂಧಿ ಕರೆದದ್ದು ಇವರನ್ನೇ, ಇವರು ಹೋದರು ಕೂಡ.

1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಅವರು ಸಾಕಿದ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವನ್ನು ಉಕ್ಕು ಪ್ರಾಧಿಕಾರ 2023ರ ಜನವರಿಯಲ್ಲಿ ಪ್ರಕಟಿಸಿತು, ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಅವರು ಹುಟ್ಟುಹಾಕಿದ ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಕರಗಿತು. ಸರ್ಕಾರವೇ ಮುಂದೆ ನಿಂತು ಕಟ್ಟಬೇಕು ಅನ್ನೋ ಅವರ ಅರ್ಧ ಮಾತನ್ನು ಬಿಟ್ಟೆವು. ಕಟ್ಟುತ್ತಲೇ ಇರಬೇಕು ಅನ್ನೋ ಇನ್ನರ್ಧ ಇಟ್ಟುಕೊಂಡೆವು. ಈಗ ಸರ್ಕಾರದ ಕೆಲಸ ಭೂಮಿ ಹಿಡಿದು ಕಂಪನಿಗೆ ಕೊಡೋದು. ದೇವನಹಳ್ಳಿಯ 13 ಹಳ್ಳಿಗಳ 1,777 ಎಕರೆ ಉಳಿದದ್ದು ರೈತರು ಮೂರು ವರ್ಷ ದಾಟಿ ಧರಣಿ ಕೂತ ಮೇಲೆ, 2025ರ ಜುಲೈನಲ್ಲಿ.

ನೀರು ವಾಪಸ್ ಹೋಗ್ತಿದೆ

2024ರ ಮಾರ್ಚ್‌ನಲ್ಲಿ ಇದೇ ಮಹದೇವಪುರ ಟ್ಯಾಂಕರ್‌ಗೆ ಸಾಲು ನಿಂತಿತ್ತು. ಒಂದೂವರೆ ವರ್ಷದಲ್ಲಿ ದೋಣಿಯಿಂದ ಟ್ಯಾಂಕರ್‌ಗೆ. ಆ ಅಕ್ಟೋಬರ್‌ನಲ್ಲಿ ಹೊರವಲಯದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್‌ನ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನೀರನ್ನು ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ಮೇಲೆತ್ತಬೇಕು, ಅದಕ್ಕೆ ಹಗಲೂರಾತ್ರಿ ವಿದ್ಯುತ್ ಸುಡಬೇಕು. ಒಂದು ಕಾಲಕ್ಕೆ ಕಾವೇರಿಯಿಂದ ಕರೆಂಟ್ ಬರ್ತಿತ್ತು, ಈಗ ಕಾವೇರಿ ತರಲು ಕರೆಂಟ್ ಬೇಕು. ಕನ್ನಂಬಾಡಿ ತುಂಬದ ವರ್ಷ ಆ ಪೈಪೂ ಒಣಗುತ್ತೆ.

ವಿಶ್ವೇಶ್ವರಯ್ಯನವರ ವಿಧಾನಕ್ಕೂ ಇಲ್ಲಿ ಒಂದು ಮಿತಿ ಇದೆ. ಹಿಂದಿನ ಮಳೆಯ ದಾಖಲೆ ನೋಡಿ ಮುಂದಿನ ಪ್ರವಾಹಕ್ಕೆ ಅಳತೆ ಹಾಕೋದು ಅವರ ಕಾಲದ ವಿಜ್ಞಾನ. ಹವಾಮಾನವೇ ಬದಲಾಗುತ್ತಿರುವಾಗ ಹಳೆಯ ದಾಖಲೆ ಪೂರ್ತಿ ಭರವಸೆ ಕೊಡಲ್ಲ. ಅಂದರೆ ಲೆಕ್ಕ ಬಿಡಬೇಕು ಅಂತಲ್ಲ, ಇನ್ನೂ ವಿಸ್ತಾರವಾಗಿ ಹಾಕಬೇಕು: ಕೆರೆ, ಕಾಡು, ಮುಳುಗುವ ಹಳ್ಳಿ, ತಗಡಿನ ಶೆಡ್ಡು, ಎಲ್ಲವೂ ಆ ಪಟ್ಟಿಯೊಳಗೆ ಬರಬೇಕು.

ಇವತ್ತು ಬೆಂಗಳೂರು ಬಳಸಿ ಬಿಟ್ಟ ನೀರು ಎರಡನೇ ಹಂತದ ಶುದ್ಧೀಕರಣ ಮಾತ್ರ ಆಗಿ ಕೋಲಾರದ ಕೆರೆಗಳಿಗೆ ಹೋಗ್ತಿದೆ, ಇನ್ನೊಂದು ಕೊಳವೆ ಚಿಕ್ಕಬಳ್ಳಾಪುರದ ಕೆರೆಗಳಿಗೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅಂತ ಅಲ್ಲಿನ ರೈತರು ವರ್ಷಗಳಿಂದ ಕೇಳ್ತಿದ್ದಾರೆ. ಮುದ್ದೇನಹಳ್ಳಿ ಇರೋದು ಆ ಜಿಲ್ಲೆಯಲ್ಲೇ. ಮುಂದಿನ ಸೆಪ್ಟೆಂಬರ್ 15ಕ್ಕೆ ಹಾರ ತರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ: ಕಾಲೇಜಿನ ಹತ್ತಿರದ ರಾಜಕಾಲುವೆ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತೆ ಅಂತ ಅವತ್ತು ನಡೆದು ನೋಡಿ. ದಾರಿಯಲ್ಲಿ ಯಾವ ಕಾಂಪೌಂಡ್ ಅಡ್ಡ ಬರುತ್ತೋ ಅದರ ಹೆಸರು ಬರೆದುಕೊಳ್ಳಿ.